ಕಾಯಿಲೆ ಬೀಳದವರನ್ನೂ ಕೇಳಿದ ಡಾಕ್ಟರು

1988ರ ಚಳಿಗಾಲ. ಅಮೆರಿಕದ ಅಟ್ಲಾಂಟಾ ನಗರದಲ್ಲಿ ಒಂದರ ಹಿಂದೆ ಒಂದು ಕೂಸನ್ನು ಆಸ್ಪತ್ರೆಗೆ ತರತೊಡಗಿದರು. ಜ್ವರ, ಭೇದಿ. ಮಲ ಪರೀಕ್ಷೆ ಮಾಡಿದರೆ ಯೆರ್ಸಿನಿಯಾ ಎಂಬ ಬ್ಯಾಕ್ಟೀರಿಯಾ. ಇದು ಹೆಚ್ಚಾಗಿ ಹಂದಿಮಾಂಸದಿಂದ ಬರುವ ರೋಗಾಣು. ಆದರೆ ಈ ಮಕ್ಕಳಲ್ಲಿ ಬಹುಪಾಲು ಕೆಲವೇ ತಿಂಗಳ ಕೂಸುಗಳು. ನಮ್ಮಲ್ಲಾಗಿದ್ದರೆ ಅನ್ನಪ್ರಾಶನವೂ ಆಗಿರದ ವಯಸ್ಸು. ಇವುಗಳ ಹೊಟ್ಟೆಗೆ ಹಂದಿಮಾಂಸದ ರೋಗಾಣು ಹೇಗೆ ಹೋಯಿತು?

ಉತ್ತರ ಅಡುಗೆಮನೆಯ ಸಿಂಕಿನಲ್ಲಿತ್ತು. ಅಲ್ಲಿನ ಕಪ್ಪು ಜನರ ಎಷ್ಟೋ ಮನೆಗಳಲ್ಲಿ ಥ್ಯಾಂಕ್ಸ್‌ಗಿವಿಂಗ್, ಕ್ರಿಸ್‌ಮಸ್ ಬಂತೆಂದರೆ ಹಂದಿ ಕರುಳಿನ ಅಡುಗೆ ಆಗಲೇಬೇಕು. ಚಿಟ್ಲಿನ್ಸ್ ಅಂತಾರೆ. ಹಸಿ ಕರುಳನ್ನು ಬಕೆಟ್ ಲೆಕ್ಕದಲ್ಲಿ ತಂದು, ಬಿಡಿಸಿ, ಕೊಬ್ಬು ಕಿತ್ತು, ನೀರು ಬದಲಿಸಿ ಬದಲಿಸಿ ತೊಳೆಯಬೇಕು. ಮನೆಯಲ್ಲಿ ಬೋಟಿ ತೊಳೆದು ಗೊತ್ತಿರುವವರಿಗೆ ಇದನ್ನು ವಿವರಿಸಬೇಕಿಲ್ಲ. ಅರ್ಧ ದಿನ ಹಿಡಿಯುವ ಕೆಲಸ. ನಡುವೆ ಕೂಸು ಅತ್ತರೆ ಎದ್ದು ಹೋಗಿ ಎತ್ತಿಕೊಳ್ಳದೆ ಇರಲಾಗುತ್ತದೆಯೇ? ಚೆನ್ನಾಗಿ ಬೆಂದ ಕರುಳಿನಿಂದ ಭಯವಿಲ್ಲ. ಭಯ ಇದ್ದದ್ದು ತೊಳೆಯುವ ಕೈಯಿಂದ.

ಇದನ್ನು ಕಂಡುಹಿಡಿದದ್ದು ಮೈಕ್ರೋಸ್ಕೋಪ್ ಅಲ್ಲ, ಪ್ರಶ್ನೆಗಳು. ತನಿಖೆಗೆ ಇಳಿದವರು ಕಾಯಿಲೆ ಬಿದ್ದ ಮಕ್ಕಳ ಮನೆಯವರನ್ನು ಕೇಳಿದರು. ಕಾಯಿಲೆ ಬೀಳದ ಮಕ್ಕಳ ಮನೆಯವರನ್ನೂ ಅದೇ ಪ್ರಶ್ನೆಗಳನ್ನು ಕೇಳಿದರು. ಎರಡೂ ಕಡೆಯ ಉತ್ತರ ಪಕ್ಕಪಕ್ಕ ಇಟ್ಟಾಗ ಕರುಳಿನ ಬಕೆಟ್ ಎದ್ದು ಕಂಡಿತು. ಆ ತಂಡದಲ್ಲಿದ್ದವರಲ್ಲಿ ಒಬ್ಬರು ರಾಬರ್ಟ್ ಟಾಕ್ಸ್.

ಟಾಕ್ಸ್ ಓದಿದ್ದು ಎಂಬಿಬಿಎಸ್‌ಗೆ ಸಮನಾದ ವೈದ್ಯಕೀಯ. ರೋಗಿಗಳನ್ನು ನೋಡಿಕೊಂಡು ಇರಬಹುದಿತ್ತು. 1983ರಲ್ಲಿ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿ ಸೇರಿ ಎಪಿಡೆಮಿಯಾಲಜಿಸ್ಟ್ ಆದರು. ಅಂದರೆ ಒಬ್ಬ ರೋಗಿಯ ಬದಲು ಇಡೀ ಊರಿನ ನಾಡಿ ಹಿಡಿಯುವ ಕೆಲಸ. ಮುಂದಿನ ಹಲವು ದಶಕ ಅಲ್ಲೇ ಇದ್ದು, ಆಹಾರದಿಂದ ಬರುವ ಸೋಂಕುಗಳ ವಿಭಾಗದ ಮುಖ್ಯಸ್ಥರೂ ಆದರು. ಅವರು ಮೊದಲು ಸೇರಿದ್ದು ಇಐಎಸ್ ಎಂಬ ತರಬೇತಿ ದಳಕ್ಕೆ. 1951ರಲ್ಲಿ ಶುರುವಾದ ಈ ದಳದ ಲಾಂಛನ ನೋಡಿದರೆ ನಗು ಬರುತ್ತದೆ: ಭೂಗೋಳದ ಮೇಲೆ ತೂತು ಬಿದ್ದ ಬೂಟಿನ ಅಟ್ಟೆ. ನಾವು ಸರ್ಕಾರಿ ಕಚೇರಿಗೆ ಅಲೆದು ಚಪ್ಪಲಿ ಸವೆಸಿದೆವು ಅಂತೀವಲ್ಲ, ಅವರಿಗೆ ಅದೇ ಹೆಮ್ಮೆಯ ಗುರುತು.

ಆ ದಳಕ್ಕೆ ಸೇರುವವರಿಗೆ ತಲೆಮಾರುಗಳಿಂದ ಕೊಡುತ್ತಿರುವ ಒಂದು ಲೆಕ್ಕ ಇದೆ. ನನಗೆ ಇಡೀ ವಿದ್ಯೆಯೇ ಅದರಲ್ಲಿದೆ ಅನ್ನಿಸುತ್ತದೆ, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ. 1940ರ ಏಪ್ರಿಲ್, ನ್ಯೂಯಾರ್ಕ್ ರಾಜ್ಯದ ಆಸ್ವೀಗೊ ಕೌಂಟಿ. ಚರ್ಚಿನಲ್ಲಿ ರಾತ್ರಿ ಊಟ. ಆ ರಾತ್ರಿಯೇ ಎಷ್ಟೋ ಜನರಿಗೆ ವಾಂತಿ. ತನಿಖೆಯವರು 75 ಜನರನ್ನು ಮಾತಾಡಿಸಿದರು. ಅವರಲ್ಲಿ 46 ಮಂದಿ ಕಾಯಿಲೆ ಬಿದ್ದಿದ್ದರು. ಊಟದಲ್ಲಿ ಹ್ಯಾಮ್ ಎಂಬ ಹಂದಿಮಾಂಸ, ಪಾಲಕ್, ಆಲೂಗಡ್ಡೆ, ಕೇಕ್, ಎರಡು ಥರದ ಐಸ್‌ಕ್ರೀಮ್ ಎಲ್ಲ ಇತ್ತು.

ಕಾಯಿಲೆ ಬಿದ್ದವರನ್ನು ಮಾತ್ರ ಕೇಳಿದ್ದರೆ ಏನಾಗುತ್ತಿತ್ತು? 46ರಲ್ಲಿ 29 ಮಂದಿ ಹ್ಯಾಮ್ ತಿಂದಿದ್ದರು. ಮಾಂಸ ಬೇರೆ. ಹ್ಯಾಮ್ ಮಾಡಿದವರ ಗತಿ ಅಷ್ಟೇ. ಆದರೆ ಚೆನ್ನಾಗಿದ್ದವರನ್ನೂ ಸೇರಿಸಿ ಲೆಕ್ಕ ಹಾಕಿ. ಹ್ಯಾಮ್ ತಿಂದವರಲ್ಲಿ ನೂರಕ್ಕೆ 63 ಮಂದಿಗೆ ಕಾಯಿಲೆ, ತಿನ್ನದವರಲ್ಲಿ 59. ವ್ಯತ್ಯಾಸ ಇಲ್ಲವೇ ಇಲ್ಲ ಅನ್ನಬಹುದು. ಈಗ ವೆನಿಲ್ಲಾ ಐಸ್‌ಕ್ರೀಮ್ ನೋಡಿ. ತಿಂದ 54 ಜನರಲ್ಲಿ 43 ಮಂದಿ ಮಲಗಿದರು. ತಿನ್ನದ 21 ಜನರಲ್ಲಿ ಮೂವರು ಮಾತ್ರ. ಹ್ಯಾಮ್ ಬಿಡುಗಡೆ, ವೆನಿಲ್ಲಾ ಒಳಗೆ. ತಮಾಷೆಯೆಂದರೆ ಚಾಕೊಲೇಟ್ ಐಸ್‌ಕ್ರೀಮ್ ತಿಂದವರಲ್ಲಿ ಕಾಯಿಲೆ ತಿನ್ನದವರಿಗಿಂತ ಕಡಿಮೆ! ಚಾಕೊಲೇಟ್ ಔಷಧಿ ಅಂತ ಅಲ್ಲ, ಅದನ್ನು ತಿಂದ ಎಷ್ಟೋ ಜನ ವೆನಿಲ್ಲಾ ಮುಟ್ಟಿರಲಿಲ್ಲ ಅಷ್ಟೇ.

ನಮ್ಮ ಕಡೆ ಗೃಹಪ್ರವೇಶದ ಊಟ ಮಾಡಿ ಹತ್ತು ಜನಕ್ಕೆ ಭೇದಿಯಾದರೆ ಏನು ನಡೆಯುತ್ತದೆ ಅಂತ ನೆನಪಿಸಿಕೊಳ್ಳಿ. ಫ್ಯಾಮಿಲಿ ಗ್ರೂಪಿನಲ್ಲಿ ಮಲಗಿದವರೆಲ್ಲ ಮಾತಾಡುತ್ತಾರೆ. 'ಪಾಯಸದ ಹಾಲೇ ಸರಿ ಇರಲಿಲ್ಲ' ಅಂತ ಒಬ್ಬರು, 'ಅಡುಗೆಯವನು ನಿನ್ನೆಯ ಪಲ್ಯ ಬೆರೆಸಿದಾನೆ' ಅಂತ ಇನ್ನೊಬ್ಬರು. ಚೆನ್ನಾಗಿರುವವರು ಸುಮ್ನೆ ಓದಿಕೊಂಡಿರುತ್ತಾರೆ. ಅವರನ್ನು ಯಾರೂ ಕೇಳುವುದಿಲ್ಲ. ಉತ್ತರದ ಅರ್ಧ ಅವರ ಹತ್ತಿರ ಇರುತ್ತದೆ, ಅಲ್ವಾ?

ಟಾಕ್ಸ್ ವೃತ್ತಿಯ ಮೊದಲ ಭಾಗವೆಲ್ಲ ಇಂಥ ಕೇಳಾಟವೇ. 1987ರಲ್ಲಿ ಪ್ರಕಟವಾದ ಅವರ ಬೆಲ್ಜಿಯಂ ಅಧ್ಯಯನ ಇದೇ ಯೆರ್ಸಿನಿಯಾ ಮೇಲೆ. ಆ ದೇಶದಲ್ಲಿ ಈ ಸೋಂಕು ಯಾಕೆ ಅಷ್ಟು ಜಾಸ್ತಿ ಅಂತ ಹುಡುಕಿದಾಗ, ಹಂದಿಯ ಹಸಿ ಕೀಮಾವನ್ನು ಬೇಯಿಸದೇ ತಿನ್ನುವ ರೂಢಿ ಸಿಕ್ಕಿತು. ಅಟ್ಲಾಂಟಾದ ಕೂಸುಗಳ ಸಂಗತಿ ಬಂದಾಗ ಈ ಹಳೆಯ ಪರಿಚಯ ಇತ್ತು.

ನನಗೆ ಇನ್ನೂ ಇಷ್ಟವಾದದ್ದು ಪಶ್ಚಿಮ ಆಫ್ರಿಕಾದ ಗಿನಿ ದೇಶದ ಕಾಲರಾ ತನಿಖೆ. ಅನ್ನದ ಮೇಲೆ ಸಾರು ಹಾಕಿಕೊಂಡು ಉಣ್ಣುವ ಜನ. ಒಂದು ದಿನ ಮಾಡಿ ಉಳಿದದ್ದನ್ನು ಮಾರನೆಯ ದಿನವೂ ಉಣ್ಣುತ್ತಾರೆ. ಉಳಿದ ಕಡಲೆಕಾಯಿ ಸಾರು ಉಂಡವರಿಗೆ ಕಾಲರಾ ಬಂತು. ಟೊಮೆಟೊ ಸಾರಿನ ಮೇಲೆ ಆ ದೂರು ಬರಲಿಲ್ಲ. ಕಾರಣ ಹುಳಿ. ಕಾಲರಾ ಬ್ಯಾಕ್ಟೀರಿಯಾಕ್ಕೆ ಹುಳಿ ಆಗುವುದಿಲ್ಲ. ಕಡಲೆಕಾಯಿಯ ಸಪ್ಪೆ ಗಟ್ಟಿ ಸಾರು ಅದಕ್ಕೆ ಹಾಸಿಗೆ ಹಾಸಿಕೊಟ್ಟಂತೆ. 1991ರ ಜನವರಿಯಲ್ಲಿ ಕಾಲರಾ ಪೆರುವಿಗೆ ಬಂದಿತು. ದಕ್ಷಿಣ ಅಮೆರಿಕ ಸುಮಾರು ನೂರು ವರ್ಷದಿಂದ ಅದನ್ನು ಕಂಡಿರಲಿಲ್ಲ. ಪೆರು ಒಂದರಲ್ಲೇ ಆ ವರ್ಷ 3 ಲಕ್ಷಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು, ಹತ್ತಿರ ಹತ್ತಿರ 3,000 ಜನ ಸತ್ತರು. ಕಾಯಿಸದ ನೀರು, ರಸ್ತೆ ಬದಿಯ ಪಾನೀಯ, ಗಂಟೆಗಟ್ಟಲೆ ತೆರೆದಿಟ್ಟ ಅಡುಗೆ ಎಂದು ಪಟ್ಟಿ ಬೆಳೆಯಿತು. ಆದರೆ ಅಮೆಜಾನ್ ಕಾಡಿನ ಇಕಿಟೋಸ್ ಊರಿನಲ್ಲಿ ಚಕ್ಕೋತದ ಜಾತಿಯ ಒಂದು ಹುಳಿ ಹಣ್ಣಿನ ಪಾನಕ ಕುಡಿದವರಿಗೆ ಕಾಲರಾ ಬಂದದ್ದು ಕಡಿಮೆ. ಮತ್ತೆ ಹುಳಿ. ಇದನ್ನು ಓದಿ 'ನಮ್ಮ ಹುಣಸೆಹಣ್ಣಿನ ಸಾರು ಎಷ್ಟು ಒಳ್ಳೆಯದು ನೋಡಿ' ಅಂತ ಯಾರೂ ಫಾರ್ವರ್ಡ್ ಮಾಡಬೇಡಿ. ಹುಳಿಗೆ ಜಗ್ಗದ ರೋಗಾಣುಗಳೂ ಇವೆ. ಹೇಳಬೇಕಾದದ್ದು ಇಷ್ಟು: ಯಾರು ಚೆನ್ನಾಗಿದ್ದಾರೆ ಅಂತ ನೋಡದೆ ಇದ್ದಿದ್ದರೆ ಆ ಪಾನಕ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಚರ್ಚಿನ ಊಟ, ಮದುವೆ ಮನೆ ಊಟ, ಹಾಸ್ಟೆಲ್ ಊಟ. ಇವುಗಳಲ್ಲಿ ಒಂದು ಅನುಕೂಲ ಇದೆ. ಉಂಡವರು ಯಾರು ಅಂತ ಗೊತ್ತು, ಎಲ್ಲರೂ ಒಂದೇ ಕಡೆ ಮಲಗುತ್ತಾರೆ, ಪೇಪರಿಗೂ ಸುದ್ದಿ ಹೋಗುತ್ತದೆ. 1990ರ ದಶಕದಲ್ಲಿ ಟಾಕ್ಸ್ ಬರೆದೂ ಭಾಷಣ ಮಾಡಿಯೂ ಹೇಳುತ್ತಿದ್ದ ಮಾತೆಂದರೆ, ಇನ್ನು ಮುಂದೆ ಕಾಯಿಲೆ ಹೀಗೆ ಗುಂಪಾಗಿ ಬರುವುದಿಲ್ಲ. ಒಂದೇ ಕಾರ್ಖಾನೆಯ ಪ್ಯಾಕೆಟ್ ಸಾವಿರ ಊರಿಗೆ ಹೋಗುತ್ತದೆ. ಊರಿಗೆ ಒಬ್ಬರೋ ಇಬ್ಬರೋ ಮಲಗುತ್ತಾರೆ. ಅವರ ಡಾಕ್ಟರಿಗೆ ಅದು ಮಾಮೂಲಿ ಭೇದಿ. ಒಟ್ಟು ಸೇರಿಸಿದರೆ ಸಾವಿರಾರು, ಆದರೆ ಸೇರಿಸುವವರು ಯಾರು?

ಇದಕ್ಕೆ ದೊಡ್ಡ ಸಾಕ್ಷಿ 1993ರಲ್ಲಿ ಸಿಕ್ಕಿತು. ಜಾಕ್ ಇನ್ ದ ಬಾಕ್ಸ್ ಎಂಬ ಬರ್ಗರ್ ಅಂಗಡಿಗಳ ಅರೆಬೆಂದ ಮಾಂಸದಿಂದ ಇ. ಕೋಲಿ ಒ157 ಎಂಬ ಬ್ಯಾಕ್ಟೀರಿಯಾ ಹರಡಿ, ನಾಲ್ಕು ರಾಜ್ಯಗಳಲ್ಲಿ 700ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು, ನಾಲ್ಕು ಮಕ್ಕಳು ತೀರಿಕೊಂಡರು. ಗದ್ದಲ ಎದ್ದದ್ದು ವಾಷಿಂಗ್ಟನ್ ರಾಜ್ಯದಲ್ಲಿ. ಯಾಕೆಂದರೆ ಆ ರಾಜ್ಯದಲ್ಲಿ ಈ ಬ್ಯಾಕ್ಟೀರಿಯಾ ಕಂಡರೆ ಆರೋಗ್ಯ ಇಲಾಖೆಗೆ ತಿಳಿಸಬೇಕು ಎಂಬ ನಿಯಮ ಮೊದಲೇ ಇತ್ತು. ಅದೇ ಬರ್ಗರ್ ತಿಂದು ಲಾಸ್ ವೇಗಸ್‌ನಲ್ಲೂ ಜನ ಮಲಗಿದ್ದರು. ಅಲ್ಲಿನ ಲ್ಯಾಬುಗಳು ಇದನ್ನು ಹುಡುಕುತ್ತಲೇ ಇರಲಿಲ್ಲ. ವಾಷಿಂಗ್ಟನ್ನಿನವರು ಕೂಗಿದ ಮೇಲೆ ಹಿಂದಿರುಗಿ ನೋಡಿದಾಗ ಅಲ್ಲಿಯ ರೋಗಿಗಳು ಕಣ್ಣಿಗೆ ಬಿದ್ದರು. ಇದರ ಬಗ್ಗೆ ಆಮೇಲೆ ಬಂದ ಸಂಶೋಧನಾ ಲೇಖನದ ತಲೆಬರಹದಲ್ಲೇ 'ಅಡಗಿದ ಪಿಡುಗು' ಎಂಬ ಮಾತಿದೆ.

ಅಲ್ಲಿಂದ ಎರಡು ವ್ಯವಸ್ಥೆ ಹುಟ್ಟಿದವು, ಎರಡೂ 1996ರಲ್ಲಿ ಕೆಲಸ ಶುರು ಮಾಡಿದವು. ಒಂದು ಪಲ್ಸ್‌ನೆಟ್. ರೋಗಿಗಳಿಂದ ಸಿಕ್ಕ ಬ್ಯಾಕ್ಟೀರಿಯಾದ ಡಿಎನ್‌ಎ ಬೆರಳಚ್ಚು ತೆಗೆದು ದೇಶದ ಎಲ್ಲ ಲ್ಯಾಬುಗಳೂ ಒಂದೇ ಕಡೆ ಹಾಕುವುದು. ಇದನ್ನು ಕಟ್ಟಿ ನಿಲ್ಲಿಸಿದವರು ಬಾಲ ಸ್ವಾಮಿನಾಥನ್ ಎಂಬ ಸೂಕ್ಷ್ಮಜೀವಿ ವಿಜ್ಞಾನಿ, ಟಾಕ್ಸ್ ಅವರ ಸಹೋದ್ಯೋಗಿ. ಈಗ ಹತ್ತು ರಾಜ್ಯಗಳಲ್ಲಿ ಒಬ್ಬೊಬ್ಬರು ಮಲಗಿದರೂ ಬೆರಳಚ್ಚು ಒಂದೇ ಇದ್ದರೆ ಮೂಲ ಒಂದೇ ಇರಬೇಕು ಅನ್ನುವ ಸುಳಿವು ಸಿಗುತ್ತದೆ. 2009ರಲ್ಲಿ ಹೀಗೇ ಸಾಲ್ಮೊನೆಲ್ಲಾ ಎಂಬ ಭೇದಿಯ ಬ್ಯಾಕ್ಟೀರಿಯಾದ ಒಂದು ಬೆರಳಚ್ಚು ಕೊನೆಗೆ 44 ರಾಜ್ಯಗಳ 272 ಜನರಲ್ಲಿ ಕಂಡಿತು. ಏನು ತಿಂದಿರಿ ಅಂದರೆ ಯಾರಿಗೂ ಸರಿಯಾಗಿ ನೆನಪಿಲ್ಲ. ಆಗ ಅವರ ಒಪ್ಪಿಗೆ ಪಡೆದು ಸೂಪರ್‌ಮಾರ್ಕೆಟ್ಟಿನ ಮೆಂಬರ್‌ಶಿಪ್ ಕಾರ್ಡಿನ ಬಿಲ್ಲುಗಳನ್ನು ತೆಗೆಸಿದರು. ಬಿಲ್ಲುಗಳಲ್ಲಿ ಸಲಾಮಿ ಎಂಬ ಮಾಂಸದ ತಿಂಡಿ ಮತ್ತೆ ಮತ್ತೆ ಬಂತು. ಅದರ ಬೆನ್ನು ಹತ್ತಿದರೆ ತಪ್ಪು ಮಾಂಸದ್ದಲ್ಲ, ಮೇಲೆ ಸವರಿದ್ದ ಮೆಣಸಿನ ಪುಡಿಯದ್ದು. ಮೆಣಸಿನ ಮೇಲೆ ಯಾರು ಅನುಮಾನ ಪಡ್ತಾರೆ ಹೇಳಿ?

ಎರಡನೆಯದು ಫುಡ್‌ನೆಟ್. ಹತ್ತು ರಾಜ್ಯಗಳಲ್ಲಿ ಲ್ಯಾಬುಗಳಿಂದ ವರದಿ ಬರುವುದನ್ನು ಕಾಯದೆ ತಾವೇ ಹೋಗಿ ಕೇಳಿ, ಪ್ರತಿ ಸೋಂಕನ್ನೂ ಎಣಿಸುವ ಕೆಲಸ. ಓದಲು ಬೋರು ಹೊಡೆಸುವಂಥದ್ದು. ಆದರೆ ಅಮೆರಿಕದಲ್ಲಿ ವರ್ಷಕ್ಕೆ 4.8 ಕೋಟಿ ಜನರಿಗೆ ಆಹಾರದಿಂದ ಕಾಯಿಲೆ, 3,000 ಸಾವು ಎಂಬ 2011ರ ಪ್ರಸಿದ್ಧ ಅಂದಾಜು ನಿಂತಿರುವುದು ಬಹುಮಟ್ಟಿಗೆ ಇಂಥ ಎಣಿಕೆಯ ಮೇಲೆ. ಲ್ಯಾಬಿನಲ್ಲಿ ಪತ್ತೆಯಾದ ಒಬ್ಬ ಸಾಲ್ಮೊನೆಲ್ಲಾ ರೋಗಿಯ ಹಿಂದೆ ಪತ್ತೆಯಾಗದ ಸುಮಾರು 28 ಮಂದಿ ಇರುತ್ತಾರೆ ಅನ್ನುವುದೂ ಆ ಲೆಕ್ಕದಿಂದಲೇ ಬಂತು.

ಈ ವಿಷಯ ಈಗ ಯಾಕೆ ಎತ್ತಿದೆ ಅಂದರೆ, 2025ರ ಜುಲೈನಲ್ಲಿ ಫುಡ್‌ನೆಟ್‌ಗೆ ಕತ್ತರಿ ಬಿತ್ತು. ಎಂಟು ರೋಗಾಣುಗಳನ್ನು ಕಡ್ಡಾಯವಾಗಿ ಎಣಿಸುತ್ತಿದ್ದದ್ದು ಎರಡಕ್ಕೆ ಇಳಿಯಿತು. ಸಾಲ್ಮೊನೆಲ್ಲಾ ಮತ್ತು ವಿಷ ಉಗುಳುವ ಇ. ಕೋಲಿ. ಉಳಿದ ಆರನ್ನು ರಾಜ್ಯಗಳು ಬೇಕಿದ್ದರೆ ಎಣಿಸಬಹುದು. ಬಿಟ್ಟುಹೋದ ಆರರಲ್ಲಿ ಯೆರ್ಸಿನಿಯಾ ಕೂಡ ಇದೆ, ಅಟ್ಲಾಂಟಾದ ಕೂಸುಗಳದ್ದು. ಬಸುರಿಯರಿಗೆ ಗರ್ಭಪಾತ ಮಾಡಿಸುವ ಲಿಸ್ಟೀರಿಯಾ ಕೂಡ. ಬೇರೆ ವ್ಯವಸ್ಥೆಗಳಿಗೂ ಇವುಗಳ ಮಾಹಿತಿ ಹೋಗುತ್ತದೆ, ನಿಜ. ಆದರೆ ಕಾಯಿಲೆ ಏರುತ್ತಿದೆಯೋ ಇಳಿಯುತ್ತಿದೆಯೋ ಅಂತ ಹೇಳಲು ಒಂದೇ ಅಳತೆಗೋಲಿನಲ್ಲಿ ವರ್ಷ ವರ್ಷ ಅಳೆಯಬೇಕು. ಮೂವತ್ತು ವರ್ಷದ ಕೋಲನ್ನು ಮುರಿದರೆ ಮತ್ತೆ ಜೋಡಿಸುವುದು ಸುಲಭವಲ್ಲ.

ಎಣಿಸುವುದನ್ನು ಬಿಟ್ಟು ಆಹಾರವನ್ನೇ ಲ್ಯಾಬಿಗೆ ಕಳಿಸಿ ಪರೀಕ್ಷಿಸಿದರೆ ಸಾಲದೇ ಅಂತ ಕೇಳುವವರಿಗೆ ಜರ್ಮನಿಯ ಕಥೆ ಹೇಳಬೇಕು. 2011ರಲ್ಲಿ ಅಲ್ಲಿ ಇ. ಕೋಲಿಯ ಹೊಸ ತಳಿಯೊಂದು 3,800 ಜನರನ್ನು ಮಲಗಿಸಿತು, 53 ಮಂದಿ ಸತ್ತರು. ಎಂಟುನೂರಕ್ಕೂ ಹೆಚ್ಚು ಜನರಿಗೆ ಕಿಡ್ನಿ ಕೈಕೊಡುವ ಸ್ಥಿತಿ. ಹ್ಯಾಂಬರ್ಗಿನ ಅಧಿಕಾರಿಗಳು ಸೌತೆಕಾಯಿಯ ಸ್ಯಾಂಪಲ್ ಪರೀಕ್ಷಿಸಿದರು, ಇ. ಕೋಲಿ ಸಿಕ್ಕಿತು. ಸ್ಪೇನಿನ ಸೌತೆಕಾಯಿಯೇ ಕಳ್ಳ ಅಂತ ಘೋಷಣೆಯಾಯಿತು. ಸ್ಪೇನಿನ ರೈತರು ಬೀದಿಗೆ ಬಿದ್ದರು. ಆಮೇಲೆ ನೋಡಿದರೆ ಅದು ಬೇರೆ ಇ. ಕೋಲಿ, ಈ ತಳಿಯಲ್ಲ. ತರಕಾರಿ ಬೆಳೆಗಾರರಿಗೆ ಯುರೋಪು 20 ಕೋಟಿ ಯೂರೋಗಿಂತ ಜಾಸ್ತಿ ಪರಿಹಾರ ಕೊಡಬೇಕಾಯಿತು.

ಕೊನೆಗೆ ಗಂಟು ಬಿಡಿಸಿದ್ದು ಒಂದು ಉಪಾಯ. ರೋಗಿಗಳನ್ನು ಕೇಳಿದಾಗ ಮೊಳಕೆ ಕಾಳು ತಿಂದ ನೆನಪಿದ್ದದ್ದು ನಾಲ್ಕರಲ್ಲಿ ಒಬ್ಬರಿಗೆ. ಸಲಾಡಿನ ಮೇಲೆ ಉದುರಿಸಿದ ನಾಲ್ಕು ಎಳೆ ಯಾರಿಗೆ ನೆನಪಿರುತ್ತದೆ? ನಮ್ಮಲ್ಲಿ ಉಪ್ಪಿಟ್ಟಿನ ಮೇಲೆ ಕೊತ್ತಂಬರಿ ಸೊಪ್ಪು ಇತ್ತಾ ಅಂತ ವಾರದ ಮೇಲೆ ಕೇಳಿದ ಹಾಗೆ. ಆಗ ತನಿಖೆಯವರು ಒಂದೇ ರೆಸ್ಟೋರೆಂಟಿನಲ್ಲಿ ಊಟ ಮಾಡಿದ ಗುಂಪುಗಳನ್ನು ಹಿಡಿದರು. 'ಏನು ತಿಂದಿರಿ' ಅನ್ನುವುದರ ಬದಲು 'ಏನು ಆರ್ಡರ್ ಮಾಡಿದಿರಿ' ಅಂತ ಕೇಳಿದರು. ಆಮೇಲೆ ಅಡುಗೆಮನೆಗೆ ಹೋಗಿ, ಯಾವ ತಟ್ಟೆಗೆ ಏನೇನು ಹಾಕುತ್ತೀರಿ ಅಂತ ಅಡುಗೆ ಭಟ್ಟರನ್ನು ಕೇಳಿದರು. ಮೊಳಕೆ ಹಾಕಿದ ತಟ್ಟೆ ಬಂದವರಿಗೆ ಕಾಯಿಲೆಯ ಸಾಧ್ಯತೆ 14 ಪಟ್ಟು. ಮಲಗಿದವರೆಲ್ಲರ ತಟ್ಟೆಯಲ್ಲೂ ಮೊಳಕೆ ಇತ್ತು. ಅದರ ಜಾಡು ಲೋವರ್ ಸ್ಯಾಕ್ಸನಿಯ ಒಂದು ಮೊಳಕೆ ತೋಟಕ್ಕೆ, ಅಲ್ಲಿಂದ ಈಜಿಪ್ಟಿನಿಂದ ಬಂದ ಬೀಜಕ್ಕೆ ಹೋಯಿತು. ಯಾವ ಬೀಜ ಗೊತ್ತಾ? ಮೆಂತ್ಯ. ನಮ್ಮ ಡಬ್ಬಿಯಲ್ಲಿರುವ ಅದೇ ಮೆಂತ್ಯ. ಆ ಬೀಜದ ಸ್ಯಾಂಪಲ್‌ಗಳಲ್ಲಿ ಬ್ಯಾಕ್ಟೀರಿಯಾ ಕೊನೆಗೂ ಸಿಗಲಿಲ್ಲ. ಸಿಕ್ಕದಿದ್ದರೂ ಯುರೋಪು ಈಜಿಪ್ಟಿನ ಬೀಜ ತಡೆಯಿತು, ಪಿಡುಗು ನಿಂತಿತು.

ಈಗ ನಮ್ಮ ಮನೆ ಕಡೆ ಬರೋಣ. 2024ರ ಮಾರ್ಚ್ 11ರಂದು ಕರ್ನಾಟಕದ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಗೋಬಿ ಮಂಚೂರಿ ಮತ್ತು ಬೊಂಬಾಯಿ ಮಿಠಾಯಿಗೆ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಿದರು. ಗೋಬಿಯ 171 ಸ್ಯಾಂಪಲ್‌ಗಳಲ್ಲಿ 107 ಅಸುರಕ್ಷಿತ ಎಂದು ಬಂದಿತ್ತು. ಜೂನ್‌ನಲ್ಲಿ ಕಬಾಬಿನ ಸರದಿ. ಆಮೇಲೆ ಇಡ್ಲಿ ಬೇಯಿಸುವ ಪ್ಲಾಸ್ಟಿಕ್ ಹಾಳೆ. ಇವುಗಳನ್ನು ನಿಲ್ಲಿಸಿದ್ದು ಸರಿಯೇ. ಬಟ್ಟೆಗೆ ಹಾಕುವ ರೋಡಮಿನ್-ಬಿ ಬಣ್ಣಕ್ಕೆ ಮಿಠಾಯಿಯಲ್ಲಿ ಏನು ಕೆಲಸ? ಆದರೆ ಇದರಲ್ಲಿ ಒಂದು ನಮೂನೆ ಇದೆ. ನಾವು ತಟ್ಟೆಯಿಂದ ಶುರು ಮಾಡುತ್ತೇವೆ, ಮಲಗಿದ ಮನುಷ್ಯನಿಂದಲ್ಲ. ಕೆಂಪು ಗೋಬಿ ಟಿವಿಯಲ್ಲಿ ಚೆನ್ನಾಗಿ ಕಾಣುತ್ತದೆ. ಸಾಲ್ಮೊನೆಲ್ಲಾಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯೂ ಇಲ್ಲ.

ಹಸಿ ಮೊಟ್ಟೆಯ ಮಯೊನೀಸ್ ಕಥೆಯೂ ಇದೇ. ಕೇರಳ 2023ರಲ್ಲಿ, ತೆಲಂಗಾಣ 2024ರಲ್ಲಿ, ತಮಿಳುನಾಡು 2025ರಲ್ಲಿ ನಿಷೇಧಿಸಿದವು. ಒಳ್ಳೆಯ ತೀರ್ಮಾನವೇ. ಒಡೆಯದ, ಶುಭ್ರವಾಗಿ ಕಾಣುವ ಮೊಟ್ಟೆಯಿಂದಲೂ ಸಾಲ್ಮೊನೆಲ್ಲಾ ಬರುತ್ತದೆಂದು ಟಾಕ್ಸ್ ಅವರ ಸಿಡಿಸಿ ಬಳಗದವರು 1988ರಲ್ಲೇ ಪ್ರಕಟಿಸಿದ್ದರು. ಆದರೆ ನಿಷೇಧದ ನಂತರ ಕಾಯಿಲೆ ಎಷ್ಟು ಇಳಿಯಿತು? ಮೊದಲು ಎಣಿಸಿದ್ದರೆ ತಾನೆ ಈಗ ಹೇಳಲಾಗುವುದು.

ಎಣಿಸುವ ದಾರಿ ನಮ್ಮಲ್ಲಿ ಇಲ್ಲವೇ ಇಲ್ಲ ಅಂತಲ್ಲ. 2004ರಿಂದ ಐಡಿಎಸ್‌ಪಿ ಎಂಬ ರೋಗ ಕಣ್ಗಾವಲು ಯೋಜನೆ ಇದೆ. ಪ್ರಾಥಮಿಕ ಆರೋಗ್ಯ ಕೇಂದ್ರಗಳಿಂದ ವರದಿ ಹೋಗುತ್ತದೆ. ಅದರ ಪಟ್ಟಿಗಳಲ್ಲಿ ವಾಂತಿ ಭೇದಿ, ಫುಡ್ ಪಾಯ್ಸನ್ ಯಾವಾಗಲೂ ಮುಂದಿನ ಸಾಲಿನಲ್ಲಿರುತ್ತವೆ. ಇಐಎಸ್ ಮಾದರಿಯ ತರಬೇತಿಯೂ 2012ರಿಂದ ದೆಹಲಿಯಲ್ಲಿದೆ. 2006ರ ಆಹಾರ ಸುರಕ್ಷತಾ ಕಾಯ್ದೆಯ 35ನೇ ಸೆಕ್ಷನ್ ಓದಿದರೆ ಆಶ್ಚರ್ಯವಾಗುತ್ತದೆ. ಫುಡ್ ಪಾಯ್ಸನ್ ಕಂಡ ಡಾಕ್ಟರುಗಳು ಅದನ್ನು ಅಧಿಕಾರಿಗೆ ತಿಳಿಸಬೇಕೆಂದು ಅಧಿಸೂಚನೆ ಹೊರಡಿಸುವ ಅಧಿಕಾರ ಅಲ್ಲೇ ಇದೆ. ಆದರೆ ನಮ್ಮ ಬಲೆಗೆ ಬೀಳುವುದು ಮದುವೆ ಮನೆ, ಹಾಸ್ಟೆಲ್, ಜಾತ್ರೆಯ ಪ್ರಸಾದ. ಅಂದರೆ ಗುಂಪು. ಪ್ಯಾಕೆಟ್ಟಿನಿಂದ ಬಂದು ಬೀದರಿನಲ್ಲಿ ಒಬ್ಬರನ್ನು, ಮಡಿಕೇರಿಯಲ್ಲಿ ಇನ್ನೊಬ್ಬರನ್ನು ಮಲಗಿಸುವ ಕಾಯಿಲೆ ಈ ಬಲೆಯ ಕಣ್ಣಿನಲ್ಲಿ ಜಾರಿಹೋಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ಅಂದಾಜಿನಂತೆ, ಆಹಾರದಿಂದ ಬರುವ ಕಾಯಿಲೆಗೆ ಜಗತ್ತಿನಲ್ಲಿ ವರ್ಷಕ್ಕೆ 4.2 ಲಕ್ಷ ಜನ ಸಾಯುತ್ತಾರೆ. ಅದರಲ್ಲಿ 1.75 ಲಕ್ಷ ನಾವಿರುವ ಆಗ್ನೇಯ ಏಷ್ಯಾ ವಲಯದಲ್ಲಿ.

ನಾನೇ ಒಂದು ಉದಾಹರಣೆ. ಹೋದ ಮಳೆಗಾಲದಲ್ಲಿ ಮೂರು ದಿನ ಭೇದಿಯಾಗಿ ಮಲಗಿದ್ದೆ. ಹತ್ತಿರದ ಕ್ಲಿನಿಕ್ಕಿಗೆ ಹೋದೆ. 'ಹೊರಗಡೆ ಏನಾದ್ರೂ ತಿಂದ್ರಾ?' ಎಂದರು ಡಾಕ್ಟರು. 'ನಿನ್ನೆ ಸಂಜೆ ಪಾನಿಪುರಿ, ಸರ್' ಎಂದೆ. 'ಅದೇ ಮತ್ತೆ' ಎಂದರು. ತನಿಖೆ ಮುಗಿಯಿತು. ಓಆರ್‌ಎಸ್, ಒಂದು ಆಂಟಿಬಯೋಟಿಕ್. ಮಲ ಪರೀಕ್ಷೆ ಇಲ್ಲ. ಚೀಟಿಯಲ್ಲಿ ಮೂರು ಅಕ್ಷರ: ಎಜಿಇ. ಅದರರ್ಥ ಹೊಟ್ಟೆ ಕೆಟ್ಟಿದೆ ಅಂತ, ಅದು ನನಗೂ ಗೊತ್ತಿತ್ತು. ಡಾಕ್ಟರನ್ನು ದೂರುವಂತಿಲ್ಲ, ಹೊರಗೆ ಮೂವತ್ತು ಜನ ಕೂತಿದ್ದರು.

ಅದೇ ತಟ್ಟೆಯಿಂದ ಪಾನಿಪುರಿ ತಿಂದಿದ್ದ ಹೆಂಡತಿಗೆ ಏನೂ ಆಗಿರಲಿಲ್ಲ. ಇದನ್ನು ಯಾರೂ ಕೇಳಲಿಲ್ಲ, ನನಗೂ ಹೊಳೆಯಲಿಲ್ಲ. ಸಾಲ್ಮೊನೆಲ್ಲಾ ತಲೆ ಎತ್ತಲು ಕೆಲವು ಗಂಟೆಯಿಂದ ಆರು ದಿನ ಬೇಕು, ಕ್ಯಾಂಪೈಲೋಬ್ಯಾಕ್ಟರ್ ಎಂಬ ಇನ್ನೊಂದು ರೋಗಾಣುವಿಗೆ ಎರಡರಿಂದ ಐದು ದಿನ. ಆದರೂ ನಾವು ಬೈಯುವುದು ಕೊನೆಯ ತುತ್ತನ್ನೇ. ಆ ಗಾಡಿಯ ಹುಡುಗನ ಹತ್ತಿರ ಒಂದು ವರ್ಷ ಹೋಗಲಿಲ್ಲ.

ಇದನ್ನು ಬರೆಯುವಾಗ ಸಲಾಮಿಯ ಬಿಲ್ಲುಗಳು ನೆನಪಾಗಿ, ಆ ವಾರದ ಯುಪಿಐ ಹಿಸ್ಟರಿ ತೆಗೆದು ನೋಡಿದೆ. ಎಳನೀರು 50. ಬೇಕರಿ 85. ಹಾಲಿನ ಬೂತ್ 54, ಎರಡು ಸಲ. ಕೋಳಿ ಅಂಗಡಿ 240. ಪಾನಿಪುರಿ 60. ಮತ್ತೆ ಬೇಕರಿ, 130. ಯಾರಿಗೆ ಕೊಟ್ಟೆ, ಎಷ್ಟು ಕೊಟ್ಟೆ, ಎಷ್ಟು ಹೊತ್ತಿಗೆ ಕೊಟ್ಟೆ ಎಲ್ಲ ಇದೆ. ಬೇಕರಿಯಲ್ಲಿ 130 ರೂಪಾಯಿಗೆ ಏನು ತಗೊಂಡೆ ಅಂತ ಹೆಂಡತಿಯನ್ನು ಕೇಳಿದೆ. 'ಎಗ್ ಪಫ್ ಇರಬೇಕು ಕಣ್ರೀ, ನಾನಂತೂ ತಿಂದಿಲ್ಲ' ಎಂದಳು.